ಎಡಗಡೆಯಿಂದ ಬಂದವರು

ನನ್ನ ಕಾಯಿಲೆ ಮೊದಲು ನನಗೆ ಕಾಣಿಸಿಕೊಂಡದ್ದು ಊರ ಜನರ ದುರ್ಬುದ್ಧಿಯ ರೂಪದಲ್ಲಿ. ಅಕ್ಕಲಕೋಟೆಯ ರಸ್ತೆಗಳಲ್ಲಿ ಒಂದು ವರ್ಷದಿಂದ ಎಲ್ಲರೂ ನನ್ನ ಸೈಕಲ್ಲಿಗೆ ಅಡ್ಡ ಬರುವುದನ್ನು ಕಲಿತುಬಿಟ್ಟಿದ್ದರು. ಎಮ್ಮೆಗಳು ಕಲಿತಿದ್ದವು, ನಿಂತ ಜೀಪುಗಳ ಬಾಗಿಲುಗಳು ಕಲಿತಿದ್ದವು. ಸದ್ದಿಲ್ಲದೆ, ಕೊನೆಯ ಗಳಿಗೆಯಲ್ಲಿ, ಬೇಕೆಂದೇ ಬರುತ್ತಿದ್ದರು. ಹಾಗೆಂದು ನಾನು ನಂಬಿದ್ದೆ. ನನ್ನ ಆ ನಂಬಿಕೆಯಿಂದ ಒಬ್ಬ ಹೆಣ್ಣುಮಗಳು ಮೂರು ವಾರ ಕೆಲಸಕ್ಕೆ ನಡೆದುಕೊಂಡು ಹೋಗಬೇಕಾಯಿತು. ನನ್ನಂತೆಯೇ ಊರನ್ನೆಲ್ಲ ಶಂಕಿಸುತ್ತ ಸೈಕಲ್ ಹತ್ತುವ ಹಿರಿಯರು ಇನ್ನೂ ಇರಬಹುದು. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ನನಗೆ ಈಗ ಎಪ್ಪತ್ತು. ಹುಟ್ಟಿದ್ದು, ಕನ್ನಡ ಸಾಲೆ ಕಲಿತದ್ದು ಮೈಂದರ್ಗಿಯಲ್ಲಿ. ದುಡಿದದ್ದು ಬಸ್ ಡಿಪೊದಲ್ಲಿ. ಮೊದಲು ಮೆಕ್ಯಾನಿಕ್ ಆಗಿದ್ದೆ. ಕೊನೆಯ ಹದಿನಾಲ್ಕು ವರ್ಷ ನನ್ನ ಕೆಲಸ ಬೇರೆ: ನಮ್ಮ ಬಸ್ಸಿಗೆ ಎಲ್ಲಿಯಾದರೂ ಅಪಘಾತವಾದರೆ ಟೇಪು, ಸೀಮೆಸುಣ್ಣ ಹಿಡಿದು ಆ ಜಾಗಕ್ಕೆ ಹೋಗುವುದು, ಗಾಲಿಯ ಗುರುತು ಅಳೆಯುವುದು, ಬ್ರೇಕು ನೋಡುವುದು, ಯಾರ ತಪ್ಪು ಎಂದು ವರದಿ ಬರೆಯುವುದು. ಎಲ್ಲ ಡ್ರೈವರುಗಳೂ ನನ್ನೆದುರು ಒಂದೇ ಮಾತು ಹೇಳುತ್ತಿದ್ದರು: "ಅಚಾನಕ ಬಂತ್ರಿ ಸಾಹೇಬ್ರ."

ನಾನೂ ಒಂದೇ ಉತ್ತರ ಕೊಡುತ್ತಿದ್ದೆ. "ರಸ್ತಾದ ಮ್ಯಾಲ ಯಾವುದೂ ಅಚಾನಕ ಬರೂದಿಲ್ಲೋ. ನೀ ನೋಡಿಲ್ಲ, ಅಷ್ಟ."

ನಿವೃತ್ತಿಯ ನಂತರವೂ ದಿನಚರಿ ಬದಲಾಗಲಿಲ್ಲ. ಐದಕ್ಕೆ ಏಳುವುದು. ಐದೂಮುಕ್ಕಾಲಿಗೆ ಸೈಕಲ್ ತಪಾಸಣೆ: ಗಾಳಿ, ಬ್ರೇಕು, ಚೈನು, ಗಂಟೆ, ಹಿಂದಿನ ಕೆಂಪು ಗಾಜು. ಆರಕ್ಕೆ ಸರಿಯಾಗಿ ಹೊರಟು ಮೈಂದರ್ಗಿ ರಸ್ತೆಯಲ್ಲಿ ಐದು ಕಿಲೋಮೀಟರು ಹೋಗಿ ಬರುವುದು. ಪ್ರತಿ ತಿರುವಿನಲ್ಲೂ ಎರಡು ಸಲ ಗಂಟೆ. ಸೈಕಲ್ ಸವಾರರು ಬೀಳುವುದು ಹೇಗೆಂದು ನನಗೆ ಗೊತ್ತಿತ್ತು. ಹ್ಯಾಂಡಲಿಗೆ ಚೀಲ ತೂಗುಹಾಕುತ್ತಾರೆ, ಸಡಿಲ ಧೋತರದ ಅಂಚು ಚೈನಿಗೆ ಕೊಡುತ್ತಾರೆ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆಯೇ ಅಂಟಿಕೊಂಡು ಹೋಗುತ್ತಾರೆ, ಹಿಂದಿನ ಬ್ರೇಕು ಬಿಟ್ಟು ಮುಂದಿನದನ್ನಷ್ಟೇ ಒತ್ತುತ್ತಾರೆ. ಇವುಗಳಲ್ಲಿ ಒಂದನ್ನೂ ನಾನು ಮಾಡುತ್ತಿರಲಿಲ್ಲ. ಆದ್ದರಿಂದ ನಾನು ಬಿದ್ದರೆ ಅದು ಇನ್ನೊಬ್ಬರ ತಪ್ಪೇ ಆಗಿರಬೇಕಿತ್ತು.

ಮೊದಲ ಸಲ ಎಮ್ಮೆ. ಎರಡನೆಯ ಸಲ ಯಾತ್ರಿಕರ ಜೀಪಿನ ಬಾಗಿಲು. ಎರಡು ಸಲವೂ ಮೊಣಕಾಲು ತರಚಿತು, ಅಷ್ಟೇ. ಮನೆಗೆ ಬಂದು ಹಳೆಯ ರೂಢಿಯಂತೆ ನೋಟ್‌ಬುಕ್ಕಿನಲ್ಲಿ ಬರೆದೆ: ಸ್ಥಳ, ವೇಳೆ, ಬೆಳಕು, ರಸ್ತೆಯ ಸ್ಥಿತಿ, ಕಾರಣ. ಕಾರಣದ ಮುಂದೆ ಎರಡು ಸಲವೂ "ಎದುರಿನವರ ನಿಷ್ಕಾಳಜಿ" ಎಂದು ಬರೆದು ಕೆಳಗೆ ಸಹಿ ಮಾಡಿದೆ.

ಮನೆಯೊಳಗೂ ಶುರುವಾಯಿತು. ಊಟಕ್ಕೆ ಕುಳಿತಾಗ ಎಡಗಡೆ ಇಟ್ಟ ನೀರಿನ ತಂಬಿಗೆ ಕೈತಾಗಿ ಉರುಳುತ್ತಿತ್ತು. ನಲವತ್ತು ವರ್ಷ ಒಂದೇ ಜಾಗದಲ್ಲಿಟ್ಟ ತಂಬಿಗೆ. ನನ್ನ ಹೆಂಡತಿ ಶಾಂತಾ ಅದನ್ನು ಸರಿಸುತ್ತಿದ್ದಾಳೆ ಎಂದು ನನಗೆ ಅನುಮಾನ. ಒಂದು ದಿನ ಅವಳಿಗೆ ಹೇಳದೆ ತಂಬಿಗೆಯ ಸುತ್ತ ಸೀಮೆಸುಣ್ಣದಿಂದ ಗುಂಡಾಗಿ ಗೆರೆ ಎಳೆದೆ. ಮರುದಿನ ತಂಬಿಗೆ ಮತ್ತೆ ಉರುಳಿತು. ಗೆರೆಯ ಒಳಗೇ ಇತ್ತು. ನಾನು ಏನು ತೀರ್ಮಾನಿಸಿದೆ? ಸರಿಸಿ, ಮತ್ತೆ ತಂದು ಗೆರೆಯೊಳಗೆ ಇಟ್ಟಿದ್ದಾಳೆ ಎಂದು.

"ನೆಲಕ್ಕ ಇದೇನ್ರಿ ಬರದೀರಿ?" ಎಂದು ಶಾಂತಾ ಕೇಳಿದಳು.

"ಪಂಚನಾಮಾ."

"ತಂಬಗೀದೋ, ನಂದೋ?"

ನಾನು ಗೆರೆಯನ್ನು ಇನ್ನೊಮ್ಮೆ ದಪ್ಪಗೆ ತಿದ್ದಿದೆ.

ಮೂರನೆಯ ಸಲ ಬಿದ್ದದ್ದು ಹಿಟ್ಟಿನ ಗಿರಣಿಯ ಮೂಲೆಯಲ್ಲಿ. ಅಲ್ಲಿ ಎಡಗಡೆಯಿಂದ ಒಂದು ಓಣಿ ಬಂದು ಮೈಂದರ್ಗಿ ರಸ್ತೆಗೆ ಕೂಡುತ್ತದೆ. ಬೆಳಕು ಚೆನ್ನಾಗಿಯೇ ಇತ್ತು, ರಸ್ತೆ ಒಣಗಿತ್ತು. ಎರಡು ಸಲ ಗಂಟೆ ಬಾರಿಸಿದೆ. ಮರುಗಳಿಗೆ ಎಡಗಡೆಯಿಂದ ಏನೋ ಬಡಿಯಿತು. ನಾನು ಬಲಕ್ಕೆ ಬಿದ್ದೆ. ಕೊರಳೆಲುಬು ಲಟ್ಟೆಂದದ್ದು ನನಗೇ ಕೇಳಿಸಿತು.

"ಕಾಕಾ! ಅಯ್ಯ ಕಾಕಾ, ಪೆಟ್ಟಾತೇನ್ರಿ?" ಹೆಂಗಸಿನ ದನಿ. ಓಣಿಯ ಬಾಯಲ್ಲಿ ಒಂದು ಹಳೆಯ ಸ್ಕೂಟಿ ಓರೆಯಾಗಿ ಬಿದ್ದಿತ್ತು. ಅದರ ಒಡತಿ ಕಸ್ತೂರಿ. ಯಾತ್ರಿಕರು ಇಳಿದುಕೊಳ್ಳುವ ಒಂದು ವಸತಿಗೃಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳು ಎಂದು ಆಮೇಲೆ ತಿಳಿಯಿತು.

ನಾನು ಮಲಗಿದ್ದಲ್ಲಿಂದಲೇ ಕೇಳಿದ ಮೊದಲ ಮಾತು: "ಲೈಸನ್ಸ್ ಅದ ಏನು?"

"ಅದ ರಿ. ಮೊದಲ ಏಳ್ರಿ ನೀವು."

"ಜೋರ್ ಹೊಡಕೊಂಡು ಬಂದಿ."

"ನಾ ನಿಂತಿದ್ದೆ ರಿ ಕಾಕಾ! ನೀವ ಬಂದು ಹಾಯ್ದಿರಿ."

ನಾನು ಕುತ್ತಿಗೆ ಹೊರಳಿಸಿ ರಸ್ತೆ ನೋಡಿದೆ. ಓಣಿಯ ಬಾಯಲ್ಲಿ ಮಣ್ಣು ಮೆತ್ತಗಿತ್ತು. ಬ್ರೇಕು ಒತ್ತಿದ್ದರೆ ಗಾಲಿ ಉಜ್ಜಿದ ಗುರುತು ಎದ್ದು ಕಾಣಬೇಕು. ಇರಲಿಲ್ಲ. ಅಲ್ಲಿಯೇ, ಗಿರಣಿಯವರು ನನ್ನನ್ನು ಎತ್ತಿ ಕೂರಿಸುವ ಮೊದಲೇ, ನನ್ನ ವರದಿ ತಯಾರಾಯಿತು: ಬ್ರೇಕಿನ ಗುರುತಿಲ್ಲ, ಅಂದರೆ ಬ್ರೇಕೇ ಹಾಕಿಲ್ಲ.

ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ತೂಗುತ್ತಿದ್ದುದರಿಂದ ನೋಟ್‌ಬುಕ್ಕಿನ ಮೂರನೆಯ ವರದಿಯನ್ನೂ ಪೊಲೀಸರಿಗೆ ಕೊಡುವ ಅರ್ಜಿಯನ್ನೂ ನಾನು ಹೇಳಿದೆ, ಶಾಂತಾ ಬರೆದಳು. ಹಿಂದಿನ ಎರಡು ಘಟನೆಗಳನ್ನೂ ಸೇರಿಸು, ಊರಿನ ಪರಿಸ್ಥಿತಿ ಅವರಿಗೂ ಗೊತ್ತಾಗಲಿ ಎಂದೆ. ನೋಟ್‌ಬುಕ್ ನೋಡಿ ನಕಲು ಮಾಡುತ್ತಿದ್ದವಳು ಪೆನ್ನು ನಿಲ್ಲಿಸಿದಳು.

"ಎಮ್ಮಿ ಎಡಕ. ಜೀಪ್ ಎಡಕ. ಈಕೀನೂ ಎಡಕ. ಎಲ್ಲಾರೂ ಎಡಕ ಯಾಕ ಬರತಾರ್ರಿ?"

"ನಾವು ಎಡಕ ಹೋಗ್ತೀವಿ, ಅದಕ್ಕ. ಓಣಿ ಎಲ್ಲಾ ಎಡಕ್ಕ ಇರ್ತಾವ."

"ತಂಬಗೀನೂ ಎಡಕ್ಕ ಇರ್ತದ," ಎಂದಳು. ಆಮೇಲೆ ಮುಂದಿನದನ್ನು ಬರೆದಳು.

ಠಾಣೆಯ ಹವಾಲ್ದಾರ ಅರ್ಜಿ ಓದಿ, ಕಸ್ತೂರಿಯನ್ನು ಕರೆಸಿ, ವಿಚಾರಣೆ ಮುಗಿಯುವ ತನಕ ಸ್ಕೂಟಿಯನ್ನು ಅಂಗಳದಲ್ಲಿ ನಿಲ್ಲಿಸಿಕೊಂಡರು. ಅವಳು ಅಲ್ಲಿಯೂ ಅದನ್ನೇ ಹೇಳಿದಳು: ನಾನು ನಿಂತಿದ್ದೆ. ಅಳಲಿಲ್ಲ, ಕಾಲು ಹಿಡಿಯಲಿಲ್ಲ. "ಮುಂಜಾನೆ ಆರೂವರಿಗೆ ಒಲಿ ಹಚ್ಚಬೇಕ್ರಿ ನಾ. ನಮ್ಮ ಮನಿಯಿಂದ ನಡಕೊಂತ ಬಂದ್ರ ಒಂದ್ ತಾಸು. ಮ್ಯಾನೇಜರ್ ಅಂತಾನ, ಪೊಲೀಸ್ ಭಾನಗಡಿ ಮುಗಿಸ್ಕೊಂಡು ಬಾ ಇಲ್ಲಾಂದ್ರ ಬ್ಯಾರೇದಾಕೀನ ನೋಡ್ತೀನಿ ಅಂತ. ಕಾಕಾಗ ಕಾಣಸಿಲ್ಲ, ನಾ ಏನ್ ಮಾಡಲಿ?"

ಕಾಣಿಸಿಲ್ಲ! ಆ ಮಾತು ನನಗೆ ಚುಚ್ಚಿತು. ಹಿಂದಿನ ವರ್ಷ ನಡೆದ ನೇತ್ರ ಶಿಬಿರದಲ್ಲಿ ಫಲಕದ ಕೊನೆಯ ಸಾಲನ್ನೂ ಕನ್ನಡಕವಿಲ್ಲದೆ ಓದಿದವನು ನಾನು. ಹವಾಲ್ದಾರ ಕೆನ್ನೆ ಕೆರೆದುಕೊಂಡು, "ಕಾಕಾ, ನಿಮಗ ಗೊತ್ತಲ್ಲ ನಿಯಮ. ಕಣ್ಣಿಂದೊಂದು ದಾಖ್ಲಾ ತಂದು ಹಚ್ಚಿಬಿಡ್ರಿ, ಕೇಸ್ ಪಕ್ಕಾ ಆಗ್ತದ," ಎಂದರು.

ನಿಯಮ ನನಗೆ ಗೊತ್ತಿರದೆ ಏನು? ಡಿಪೊದಲ್ಲಿ ಪ್ರತಿ ಅಪಘಾತದ ಕಡತಕ್ಕೂ ಡ್ರೈವರನ ಕಣ್ಣಿನ ಪ್ರಮಾಣಪತ್ರ ಲಗತ್ತಿಸುತ್ತಿದ್ದವನೇ ನಾನು. ಹೀಗೆ ನಾನು ಸೊಲ್ಲಾಪುರದ ಕಣ್ಣಿನ ಆಸ್ಪತ್ರೆಗೆ ಹೋದದ್ದು ಚಿಕಿತ್ಸೆಗಲ್ಲ, ಕಸ್ತೂರಿಯ ವಿರುದ್ಧ ಸಾಕ್ಷಿ ತರಲಿಕ್ಕೆ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಎಲ್ಲವೂ ನನಗೆ ಸಂಶಯಾಸ್ಪದವಾಗಿಯೇ ಕಂಡಿತು. ನನ್ನದು ಹದಿನೇಳನೆಯ ಚೀಟಿ, ಹತ್ತೊಂಬತ್ತನ್ನು ಮೊದಲು ಕರೆದರು. ಕಣ್ಣಿಗೆ ಹನಿ ಹಾಕಿಸಿಕೊಂಡ ಮಂದಿ ಸಾಲಾಗಿ ಕಣ್ಣು ಮುಚ್ಚಿ, ಮೋರೆ ಮೇಲೆತ್ತಿ ಕುಳಿತಿದ್ದರು. ಆರತಿಗೆ ಕಾದವರ ಹಾಗೆ. ಪಕ್ಕದಲ್ಲಿ ಸೊಲ್ಲಾಪುರದ ಚಾದರದ ವ್ಯಾಪಾರಿಯೊಬ್ಬರು ಕುಳಿತಿದ್ದರು. ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಮೊದಲ್ನೇ ಸಲ ಬಂದೀರಿ ಕಾಣ್ತದ. ಕುರ್ಚಿ ಭಾಳ ಕುಯ್‌ಗುಡಾಕತ್ತದ."

"ನಂಗೇನೂ ಆಗಿಲ್ಲ. ದಾಖ್ಲಾ ಬೇಕಾಗೇದ."

"ಹೂಂ. ನಂಗೂ ಏನೂ ಆಗಿದ್ದಿಲ್ಲ. ಗಿರಾಕಿ ಎಡಕ್ಕ ನಿಂತು ಕೂಗೂದು, ನಾ ಬಲಕ್ಕ ಚಾದರ ತೋರ್ಸೂದು. ಗಿರಾಕಿ ಹುಚ್ಚ ಅಂತ ತಿಳಿದಿದ್ದೆ."

ನಾನು ಒಂದು ಕುರ್ಚಿ ಆಚೆ ಸರಿದು ಕುಳಿತೆ.

ಮೊದಲು ಫಲಕ ಓದಿಸಿದರು. ಕೊನೆಯ ಸಾಲು ಗಡಗಡ ಓದಿದೆ. ಶಾಂತಾಳ ಕಡೆ ತಿರುಗಿ ನೋಡಿದೆ. ಅವಳು ಸೆರಗಿನ ತುದಿ ಸುತ್ತುತ್ತಿದ್ದಳು. ಆಮೇಲೆ ಕಣ್ಣಿನ ಒತ್ತಡ ಅಳೆದರು. ಅಳೆದ ಡಾಕ್ಟರಮ್ಮ ಇನ್ನೊಮ್ಮೆ ಅಳೆದರು. ಮಾತಾಡದೆ ಎರಡು ಸಲ ಅಳೆಯುವುದು ಒಳ್ಳೆಯ ಲಕ್ಷಣವಲ್ಲ ಎಂಬುದು ನನಗೆ ವೃತ್ತಿಯಿಂದ ಗೊತ್ತು. "ಇನ್ನೊಂದು ತಪಾಸಣಿ ಅದ ರಿ," ಎಂದು ಒಳಗಿನ ಕೋಣೆಗೆ ಕಳಿಸಿದರು.

ಅಲ್ಲಿ ಒಂದು ದೊಡ್ಡ ಬಿಳಿ ಬೋಗುಣಿಯಂಥ ಯಂತ್ರ. ಗದ್ದ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿಯಾದರೂ ಚುಕ್ಕೆ ಬೆಳಕು ಮಿನುಗಿದರೆ ಕೈಯಲ್ಲಿಯ ಗುಂಡಿ ಒತ್ತಬೇಕು. ಬಲಗಣ್ಣಿನ ಸರದಿ ಮುಗಿಯಿತು. ಎಡಗಣ್ಣಿನ ಸರದಿಯಲ್ಲಿ ನಾನು ಕಾದೆ. ಯಂತ್ರದೊಳಗಿನ ಮೋಟಾರು ಕಿರ್ರೆಂದು ಸರಿಯುವುದು, ನಿಲ್ಲುವುದು, ಮತ್ತೆ ಸರಿಯುವುದು ಕೇಳಿಸುತ್ತಿತ್ತು. ಬೆಳಕು ಮಾತ್ರ ಎಲ್ಲೋ ಅಪರೂಪಕ್ಕೊಂದು.

"ಮೇಡಂ, ನಿಮ್ಮ ಮಶೀನದ ಬಲ್ಬ್ ಹೋಗ್ಯದ," ಎಂದೆ.

ಯಂತ್ರ ನಡೆಸುವ ಹುಡುಗಿ ಮೆಲ್ಲನೆ, "ಇಲ್ರಿ ಆಜೋಬಾ, ಬಲ್ಬ್ ಛಲೋ ಅದ," ಎಂದಳು.

"ಮೂವತ್ತಾರು ವರ್ಷ ಮಶೀನ್ ನೋಡೀನಿ. ಮೋಟಾರ್ ತಿರಗಾಕತ್ತದ, ಲೈಟ್ ಬರವಲ್ದು. ವೈರ್ ನೋಡ್ರಿ."

ಅವಳು ವಾದಿಸಲಿಲ್ಲ. ಯಂತ್ರ ನಿಲ್ಲಿಸಿ ನನ್ನ ಹಿಂದೆ ಬಂದು, ನೋವಿಲ್ಲದ ಭುಜದ ಮೇಲೆ ಕೈಯಿಟ್ಟಳು. "ಆಜೋಬಾ, ಪ್ರತಿ ಸಲ ಸಪ್ಪಳ ಆದಾಗ ಒಂದ್ ಲೈಟ್ ಬಂದದ ರಿ."

ನಾನು ಗುಂಡಿ ಹಿಡಿದು ಹಾಗೆಯೇ ಕುಳಿತೆ. ಕಿವಿಗೆ ಬಿದ್ದ ಸಪ್ಪಳಗಳನ್ನೆಲ್ಲ ಮನಸ್ಸಿನಲ್ಲಿಯೇ ಹಿಂದಕ್ಕೆ ಕೇಳಿಸಿಕೊಂಡೆ. ಕಿರ್ರ್. ಕಿರ್ರ್. ಕಿರ್ರ್. ಅಷ್ಟೂ ಬೆಳಕು ನನ್ನೆದುರೇ ಹೊತ್ತಿ ಆರಿಹೋಗಿತ್ತು.

ಡಾಕ್ಟರಮ್ಮ ಒಂದು ಕಾಗದ ತೋರಿಸಿದರು. ಎಡಗಣ್ಣಿನ ಚಿತ್ರದಲ್ಲಿ ನಡುವೆ ಒಂದಿಷ್ಟು ಬಿಳಿ, ಉಳಿದದ್ದೆಲ್ಲ ಕಪ್ಪು. ಬಲಗಣ್ಣಿನದರಲ್ಲಿ ಮೂಗಿನ ಕಡೆ ಕಪ್ಪು ಶುರುವಾಗಿತ್ತು. ಕಾಚಬಿಂದು ಎಂದರು. ಗ್ಲಾಕೋಮಾ ಎಂದು ಬರೆದರು.

"ಅಕ್ಷರ ಓದಿದೆನಲ್ರಿ ನಾ?"

"ಅಕ್ಷರ ಓದೂದು ನಡುವಿನ ನಜರಿಲೆ. ಅದು ಕಡೀತನಾ ಉಳೀತದ. ಬಾಜೂದ್ದು ಮೊದಲ ಹೋಗ್ತದ, ಹೇಳದ ಕೇಳದ ಹೋಗ್ತದ."

"ಹೋದ್ರ ಕಪ್ಪ ಕಾಣಬೇಕಲ್ಲ? ನಂಗ ರಸ್ತಾ ಪೂರಾ ಕಾಣ್ತದ."

"ಅದs ಮೋಸ ನೋಡ್ರಿ. ಕಾಣದ ಜಾಗಾ ಮೆದುಳು ತಾನs ತುಂಬ್ತದ. ಖಾಲಿ ರಸ್ತಾ ಅಂತ ತೋರಸ್ತದ."

ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಹನಿಗಳಿಂದ ಕಾಯಬಹುದು, ರಸ್ತೆಯಲ್ಲಿ ಸೈಕಲ್ ಮಾತ್ರ ಇನ್ನು ಬೇಡ ಎಂದರು. ನಾನು ಪ್ರಮಾಣಪತ್ರ ಕೇಳಿದೆ. ಯಾತಕ್ಕೆ ಎಂದು ತಿಳಿದ ಮೇಲೆ ಅವರು ಪೆನ್ನು ಕೆಳಗಿಟ್ಟರು. "ಬರದ್ರ ಇದ್ದದ್ದs ಬರೀತೀನಿ. ಅದು ನಿಮ್ಮ ಮ್ಯಾಲ ಬರ್ತದ ರಿ. ಬರೀಲೇನು?"

"ಬರೀರಿ," ಎಂದೆ. ಬರೆಯಿಸಿಕೊಳ್ಳುವುದು ಬೇರೆ, ಕೊಡುವುದು ಬೇರೆ.

ಮರಳುವ ಬಸ್ಸಿನಲ್ಲಿ ಆ ಕಾಗದ ನನ್ನ ಅಂಗಿಯ ಕಿಸೆಯಲ್ಲಿತ್ತು. ಒಬ್ಬರಿಗೂ ತೋರಿಸದಿದ್ದರೆ ನಡೆಯುತ್ತಿತ್ತು. ಶಿಬಿರದ ಹಳೆಯ ಚೀಟಿ ಮನೆಯಲ್ಲಿಯೇ ಇತ್ತು. ಅದರಲ್ಲಿ "ದೃಷ್ಟಿ ಉತ್ತಮ" ಎಂದೇ ಬರೆದಿತ್ತು. ಅದನ್ನೇ ಲಗತ್ತಿಸಿದರೆ ಸುಳ್ಳೂ ಆಗುತ್ತಿರಲಿಲ್ಲ. ಡಾಕ್ಟರಮ್ಮನ ಮೇಲೂ ನನಗೆ ಪೂರ್ತಿ ವಿಶ್ವಾಸ ಕೂತಿರಲಿಲ್ಲ. ಔಷಧ ಮಾರಲಿಕ್ಕೆ ಕಪ್ಪು ಚಿತ್ರ ತೆಗೆಯುತ್ತಿರಬಹುದು. ಶಾಂತಾ ನನ್ನ ಎಡಗಡೆ ಕುಳಿತಿದ್ದಳು. ವಳಸಂಗದ ಊರು ದಾಟುವವರೆಗೂ ಅವಳಿಗೆ ನಿದ್ದೆ ಬಂದಿದೆ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಎಷ್ಟು ಹೊತ್ತಿನಿಂದಲೋ. ಒಂದು ಗೇಣು ದೂರದಲ್ಲಿ.

"ಯಾಕ ಅಳತಿ?"

"ಈಗ ಕಾಣಸ್ತೇನ್ರಿ?" ಎಂದಳು.

ಮರುದಿನ ಆರಕ್ಕೆ ಟೇಪು ತೆಗೆದುಕೊಂಡು, ಶಾಂತಾಳನ್ನೂ ಕರೆದುಕೊಂಡು ನಡೆದು ಗಿರಣಿಯ ಮೂಲೆಗೆ ಹೋದೆ. ಡಾಕ್ಟರಮ್ಮನನ್ನು ನಂಬುವ ಮೊದಲು ಜಾಗವನ್ನು ಕೇಳಬೇಕಿತ್ತು. ಸೈಕಲ್ ಹೋದ ದಾರಿಯಲ್ಲಿ ನಿಂತು, ನೋಟವನ್ನು ಎದುರಿಗೆ ಇಟ್ಟು, ಶಾಂತಾಳಿಗೆ ಓಣಿಯ ಬಾಯಲ್ಲಿ ನಿಲ್ಲಲು ಹೇಳಿದೆ. ಓಣಿ ಖಾಲಿ ಇತ್ತು. ಗೋಡೆ, ಮಣ್ಣು, ಗೋಡೆ.

"ನಿಂತಿಯೇನು?" ಎಂದು ಕೂಗಿದೆ.

"ಯಾವಾಗಿಂದೋ ನಿಂತೀನಿ," ಎಂದು ಖಾಲಿ ಓಣಿ ಉತ್ತರ ಕೊಟ್ಟಿತು.

ಆಗ ಮೆತ್ತನೆಯ ಮಣ್ಣಿನ ಕಡೆ ನೋಡಿದೆ. ಹದಿನಾಲ್ಕು ವರ್ಷ ಆ ಕೆಲಸ ಮಾಡಿದವನಿಗೆ ಇಷ್ಟು ಹೊಳೆದಿರಲಿಲ್ಲ: ನಿಂತ ಗಾಡಿಯೂ ಬ್ರೇಕಿನ ಗುರುತು ಬಿಡುವುದಿಲ್ಲ. ಅದೊಂದು ಗುರುತಿಗೆ ಎರಡು ಅರ್ಥವಿತ್ತು. ಎದುರಿನವರ ಮೇಲೆ ಹೊರಿಸುವುದನ್ನೇ ನಾನು ಆರಿಸಿಕೊಂಡಿದ್ದೆ. ಎಷ್ಟು ಡ್ರೈವರುಗಳ ವಿಷಯದಲ್ಲಿ ಹೀಗೆ ಆರಿಸಿಕೊಂಡೆನೋ ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ. ಅಚಾನಕ ಬಂತ್ರಿ ಸಾಹೇಬ್ರ.

ಠಾಣೆಯ ಅಂಗಳದಲ್ಲಿ ಸ್ಕೂಟಿ ಬೇವಿನ ಮರದ ಕೆಳಗೆ ನಿಂತಿತ್ತು. ಸೀಟಿನ ತುಂಬ ಕಾಗೆಯ ಹಿಕ್ಕೆ. ಹವಾಲ್ದಾರ ನನ್ನ ಕಾಗದವನ್ನು ಎರಡು ಸಲ ಓದಿದರು.

"ಕಾಕಾ, ತಕ್ರಾರ ಕೊಡೂಮುಂದ ಸಾಕ್ಷಿ ತಂದ್ರಿ. ವಾಪಸ್ ತಗೊಳ್ಳೂಮುಂದನೂ ಸಾಕ್ಷಿ ತಂದೀರಿ. ಇಂಥಾ ಮನಷ್ಯಾನ ನಾ ನೋಡಿಲ್ಲ."

"ತಪ್ಪು ನಂದು. ಹಂಗs ಬರಕೋರಿ."

ಕಸ್ತೂರಿ ಸ್ಕೂಟಿ ಒಯ್ಯಲು ಬಂದಳು. ಕೆಲಸ ಉಳಿದಿತ್ತು; ಅಡುಗೆಮನೆಯ ಉಳಿದ ಹೆಂಗಸರು ಅವಳು ಬರುವ ತನಕ ಒಲೆ ಹಚ್ಚಿಕೊಟ್ಟು ಉಳಿಸಿಕೊಂಡಿದ್ದರು. ನಾನು ಕೈ ಮುಗಿಯಲು ಹೋದೆ. ಜೋಳಿಗೆಯಲ್ಲಿಯ ಕೈ ಏಳಲಿಲ್ಲ. ಅವಳು ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ. ಸೀಟು ಒರೆಸುತ್ತ ಹೇಳಿದಳು:

"ಒಂದ್ ಮಾತು ಕೇಳ್ಲೇನ್ರಿ ಕಾಕಾ? ಅವತ್ತ ನೀವು ಎರಡ್ ಸಲ ಗಂಟಿ ಹೊಡದ್ರಿ. ಗಂಟಿ ಹೊಡದಾರ ಅಂದ್ರ ನನ್ನ ನೋಡ್ಯಾರ ಅಂತ ತಿಳ್ಕೊಂಡು ಅಲ್ಲೇ ನಿಂತೆ. ಇಲ್ಲಾಂದ್ರ ಹಿಂದ ಸರೀತಿದ್ದೆ. ನೋಡದs ಗಂಟಿ ಯಾಕ ಹೊಡದ್ರಿ?"

ಎಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ತಿರುವು ಬಂದರೆ ಎರಡು ಸಲ ಗಂಟೆ. ಅದು ನನ್ನ ನಿಯಮ. ಯಾರಿದ್ದಾರೆ ಎಂದು ನೋಡಿ ಬಾರಿಸಿದ್ದಲ್ಲ, ತಿರುವು ಬಂತೆಂದು ಬಾರಿಸಿದ್ದು. ನನ್ನ ಶಿಸ್ತೇ ಅವಳಿಗೆ ಸುಳ್ಳು ಹೇಳಿತ್ತು.

ಮನೆಗೆ ಬಂದು ನೋಟ್‌ಬುಕ್ ತೆರೆದೆ. ವರದಿಯಲ್ಲಿ ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲ. ಆದರೂ ಅಂದು ಮೂರೂ ಕಡೆ "ಎದುರಿನವರ" ಎಂಬ ಶಬ್ದವನ್ನು ಎಡಗೈಯಿಂದಲೇ ಹೊಡೆದು, ಮೇಲೆ ಸೊಟ್ಟ ಅಕ್ಷರದಲ್ಲಿ "ಸ್ವಂತ" ಎಂದು ಬರೆದೆ. ಎಮ್ಮೆಗೂ ನ್ಯಾಯ ಸಿಕ್ಕಿತು.

ಈಗ ಬೆಳಿಗ್ಗೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ ಹನಿ. ಶಿಸ್ತಿನವನಿಗೆ ಈ ಕಾಯಿಲೆ ಒಂದು ರೀತಿಯಲ್ಲಿ ಹೊಂದುತ್ತದೆ. ಗಡಿಯಾರ ನೋಡಿ ಬದುಕಿದರೆ ಕಾಯಿಲೆ ನಿಂತಲ್ಲೇ ನಿಲ್ಲುತ್ತದಂತೆ. ಕಣ್ಣು ಮುಚ್ಚಿ ಮೂಗಿನ ಬುಡ ಒತ್ತಿ ಹಿಡಿದರೆ ಹನಿ ಗಂಟಲಿಗೆ ಇಳಿಯುವುದಿಲ್ಲ ಎಂದು ಕಲಿಸಿದವರು ಆ ಚಾದರದ ವ್ಯಾಪಾರಿ. ಎರಡನೆಯ ಸಲ ಹೋದಾಗ ನಾನೇ ಅವರ ಪಕ್ಕದ ಕುರ್ಚಿ ಹುಡುಕಿ ಕುಳಿತೆ. ಸಂಶಯ ಪಡುವುದನ್ನು ನಾನು ಬಿಟ್ಟಿಲ್ಲ, ಈ ವಯಸ್ಸಿನಲ್ಲಿ ಬಿಡಲಾರೆ. ಅದರ ದಿಕ್ಕು ಬದಲಾಯಿತು, ಅಷ್ಟೆ. ಮೊದಲು ಕಂಡವರನ್ನು ಶಂಕಿಸುತ್ತಿದ್ದೆ. ಈಗ ಯಾರೂ ಇಲ್ಲದ ಜಾಗವನ್ನು ಶಂಕಿಸುತ್ತೇನೆ. ತಂಬಿಗೆ ಬಲಕ್ಕೆ ಬಂದಿದೆ. ಶಾಂತಾ ದಾರಿಯಲ್ಲಿ ನನ್ನ ಎಡಕ್ಕೆ ನಡೆಯುತ್ತಾಳೆ.

ಸೈಕಲ್ ಮಾರಿಲ್ಲ. ತಪಾಸಣೆ ಈಗಲೂ ಐದೂಮುಕ್ಕಾಲಿಗೆ. ಏರುವುದಿಲ್ಲ; ಹ್ಯಾಂಡಲ್ ಹಿಡಿದು ನಡೆಸಿಕೊಂಡು ಗಿರಣಿಯ ತನಕ ಹೋಗಿ ಬರುತ್ತೇನೆ. ತಪಾಸಣೆಯ ಪಟ್ಟಿಗೆ ಒಂದು ಸಾಲು ಸೇರಿದೆ: ಗಾಳಿ, ಬ್ರೇಕು, ಚೈನು, ಗಂಟೆ, ಕೆಂಪು ಗಾಜು, ಸವಾರ.

ಕಳೆದ ವಾರ ಮೂಲೆಗೆ ಬಂದು ನಿಂತೆ. ಎಡಗಡೆ ಓಣಿ ಎಂದಿನಂತೆ ಖಾಲಿ ಕಂಡಿತು. ಅದನ್ನು ನಂಬದೆ ಕುತ್ತಿಗೆಯನ್ನು ಪೂರ್ತಿ ಹೊರಳಿಸಿದೆ. ಖಾಲಿ ಇದ್ದಲ್ಲಿ ಒಂದು ಗಾಲಿ ಬಂತು, ಹ್ಯಾಂಡಲ್ ಬಂತು, ಊಟದ ಡಬ್ಬಿ ಬಂತು, ಕೊನೆಗೆ ಕಸ್ತೂರಿ ಬಂದಳು. ಕೆಲಸಕ್ಕೆ ಹೊರಟವಳು ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದಳು.

"ಹೋಗ್ರಿ ಕಾಕಾ, ನಾ ನಿಂತೀನಿ."

"ಕಂಡಿ," ಎಂದೆ.

"ಹಂಗಂದ್ರ ಗಂಟಿ ಹೊಡೀರಿ ಮತ್ತ."

ಅವಳ ಮೋರೆಯನ್ನು ನೋಡುತ್ತಲೇ ಗಂಟೆ ಬಾರಿಸಿದೆ. ಒಂದೇ ಸಲ.